‘ಏನಿಲ್ಲ, ಊರಲ್ಲೇ ಇದ್ದಾನೆ’

ತಮ್ಮ ಏನು ಮಾಡುತ್ತಾನೆ ಅಂತ ಮನೆ ಮಾಲೀಕರು ಕೇಳಿದರು. ‘ಏನಿಲ್ಲ, ಊರಲ್ಲೇ ಇದ್ದಾನೆ, ಹೊಲ ನೋಡ್ಕೊಂಡಿದ್ದಾನೆ’ ಅಂದೆ. ಹಿಂದಿಯಲ್ಲಿ ಹೇಳಿದ್ದು. ಆದರೆ ಬಾಯಿಗೆ ಬಂದದ್ದು ನಮ್ಮೂರಿನ ಮಾತೇ. ‘ಕುಛ್ ನಹೀ, ಗಾಂವ್ ಮೇ ಖೇತಿ ಕರ್ತಾ ಹೈ.’

ಅವರು ಚಹಾ ಲೋಟ ಕೆಳಗಿಟ್ಟರು. ಎಪ್ಪತ್ತು ದಾಟಿದ ಸರ್ದಾರ್ಜಿ ಅವರು. ನಾವು ಲೂಧಿಯಾನಾದಲ್ಲಿ ಅವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. ನಾನು ಅವರನ್ನು ಬಾಪೂಜಿ ಅಂತೀನಿ, ಅವರು ನನ್ನನ್ನು ಪುತ್ತರ್ ಅಂತಾರೆ. ‘ಖೇತಿ ಮಾಡ್ತಾನೆ ಅಂತೀಯ, ಏನಿಲ್ಲ ಅಂತಾನೂ ಅಂತೀಯ. ಎರಡರಲ್ಲಿ ಯಾವುದು ನಿಜ?’ ಅಂತ ಕೇಳಿದರು. ಸಿಟ್ಟಿನಿಂದ ಕೇಳಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಚಹಾ ಮುಗಿಸಿ ಮೇಲೆ ಬಂದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಯಾಕಂದರೆ ಆ ಮಾತು ನನ್ನದೊಬ್ಬನದಲ್ಲ. ನಮ್ಮವ್ವ ಹೇಳೋದೂ ಹಾಗೇ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ‘ದೊಡ್ಡವನು ಪಂಜಾಬಲ್ಲಿ ಕಂಪನೀಲಿದ್ದಾನೆ, ಚಿಕ್ಕೋನು ಏನಿಲ್ಲ, ಊರಲ್ಲೇ ಇದ್ದಾನೆ’ ಅಂತಾರೆ. ಮಾವ ಹಾಗೇ ಅಂತಾನೆ, ಪಕ್ಕದ ಮನೆಯವರೂ ಹಾಗೇ ಅಂತಾರೆ. ಆ ಚಿಕ್ಕೋನು ಬೆಳಿಗ್ಗೆ ಐದಕ್ಕೆ ಎದ್ದು ಎರಡು ಹಸುವಿನ ಹಾಲು ಕರೆಯುತ್ತಾನೆ. ಮೂರೂವರೆ ಎಕರೆಯಲ್ಲಿ ರಾಗಿ ಬೆಳೆಯುತ್ತಾನೆ, ತೆಂಗಿನ ಗಿಡಗಳಿಗೆ ನೀರು ಕಟ್ಟುತ್ತಾನೆ. ರಾತ್ರಿ ಎರಡಕ್ಕೆ ಥ್ರೀಫೇಸ್ ಕರೆಂಟ್ ಬಂದರೆ ಬ್ಯಾಟರಿ ಹಿಡಿದು ಮೋಟಾರ್ ಹಾಕೋಕೆ ಹೋಗುತ್ತಾನೆ. ಇಷ್ಟಕ್ಕೂ ನಾವು ಇಟ್ಟ ಹೆಸರು ‘ಏನಿಲ್ಲ’.

ನಮ್ಮದು ಮಂಡ್ಯ ಜಿಲ್ಲೆ. ಮಂಡ್ಯ ಅಂದ ಕೂಡಲೇ ಎಲ್ಲರೂ ಕಬ್ಬು, ಭತ್ತ, ಕೆಆರ್‌ಎಸ್ ನೀರು ಅಂದುಕೊಳ್ಳುತ್ತಾರೆ. ನಾವು ನಾಗಮಂಗಲ ಕಡೆಯವರು. ಅಲ್ಲಿ ಬಹುಪಾಲು ಮಳೆ ನಂಬಿದ ಹೊಲ. ಮಳೆ ಬಂದರೆ ರಾಗಿ, ಬರದಿದ್ದರೆ ಹುಲ್ಲು. ನಾನು ಓದಿ ಹೊರಗೆ ಬಂದೆ. ಲೂಧಿಯಾನಾದ ಒಂದು ಸ್ವೆಟರ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾ ಹನ್ನೊಂದು ವರ್ಷವಾಯಿತು. ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಊಟ, ಚಳಿ, ಭಾಷೆ ಎಲ್ಲದಕ್ಕಿಂತ ಜಾಸ್ತಿ ವಿಚಿತ್ರ ಅನ್ನಿಸಿದ್ದು ಒಂದೇ. ಇಲ್ಲಿ ಯಾರನ್ನು ಕೇಳಿದರೂ ಮೊದಲು ಹೊಲದ ವಿಷಯ ಹೇಳುತ್ತಾರೆ. ನಮ್ಮ ಕಾರ್ಖಾನೆಯ ಮ್ಯಾನೇಜರ್, ಒಳ್ಳೆ ಸಂಬಳ ಎಣಿಸೋ ಮನುಷ್ಯ, ಪರಿಚಯ ಮಾಡಿಕೊಂಡಾಗ ‘ನಮ್ಮದು ಹನ್ನೆರಡು ಕಿಲ್ಲೆ’ ಅಂದರು. ಕಿಲ್ಲೆ ಅಂದರೆ ಇಲ್ಲಿ ಎಕರೆ. ಆಮೇಲೆ ಹುದ್ದೆ ಹೇಳಿದರು. ಬ್ಯಾಂಕಿನಲ್ಲಿ ಕ್ಯಾಶಿಯರ್, ಆಸ್ಪತ್ರೆಯಲ್ಲಿ ಡಾಕ್ಟರ್, ಮಕ್ಕಳ ಶಾಲೆಯಲ್ಲಿ ಮಾಸ್ತರು, ಎಲ್ಲರಿಗೂ ಹಿಂದೆ ಒಂದು ಹೊಲ ಇದೆ, ಅದನ್ನು ಎದೆ ಮುಂದೆ ಮಾಡಿ ಹೇಳುತ್ತಾರೆ. ನಮ್ಮಲ್ಲಿ ಬೆಂಗಳೂರಿಗೆ ಹೋದ ಮೊದಲ ವಾರವೇ ನಾವು ಮುಚ್ಚಿಡೋ ವಿಷಯ ಅದು.

ಬಾಪೂಜಿ ಒಂದು ಗಾದೆ ಹೇಳುತ್ತಾರೆ. ‘ಉತ್ತಮ್ ಖೇತೀ, ಮಧ್ಯಮ್ ವ್ಯಾಪಾರ್, ನಿಖಿದ್ಧ್ ಚಾಕರೀ.’ ಬೇಸಾಯ ಉತ್ತಮ, ವ್ಯಾಪಾರ ಮಧ್ಯಮ, ಇನ್ನೊಬ್ಬರ ಚಾಕರಿ ಕೀಳು. ನಮ್ಮಲ್ಲೂ ಇದೆಯಲ್ಲ ಇಂಥ ಮಾತು. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಸ್ಪರ್ಧೆಯಲ್ಲಿ ಹೇಳಿ ಸ್ಟೀಲ್ ಲೋಟ ಬಹುಮಾನ ತಗೊಂಡಿದ್ದೂ ನೆನಪಿದೆ. ಅದೇ ಮೇಷ್ಟ್ರು ಲೆಕ್ಕ ತಪ್ಪಿದರೆ ‘ಓದದಿದ್ದರೆ ಹೋಗಿ ಎಮ್ಮೆ ಕಾಯಿ, ಹೊಲ ಉಳು’ ಅಂತ ಬೈಯುತ್ತಿದ್ದರು. ನಮ್ಮ ಕಿವಿಯಲ್ಲಿ ಉಳಿದದ್ದು ಬೈಗುಳ.

ಇದು ಬರೀ ಮಾತಿನ ವಿಷಯ ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಸರ್ದಾರ್ಜಿಗಳ ಸ್ವಭಾವವೇ ಹಾಗೆ, ದೊಡ್ಡ ಮಾತು, ದೊಡ್ಡ ಮನಸ್ಸು ಅಂತ. ಆದರೆ ಒಂದು ಏಪ್ರಿಲ್‌ನಲ್ಲಿ ಬಾಪೂಜಿ ಜೊತೆ ಖನ್ನಾ ಮಂಡಿಗೆ ಹೋದೆ. ಲೂಧಿಯಾನಾದಿಂದ ದೆಹಲಿ ಕಡೆಗೆ ಹೋಗುವ ಜಿ.ಟಿ. ರಸ್ತೆಯಲ್ಲೇ ಇದೆ ಖನ್ನಾ. ಏಷ್ಯಾದಲ್ಲೇ ದೊಡ್ಡ ಧಾನ್ಯದ ಮಂಡಿ ಅಂತ ಅದನ್ನು ಕರೆಯುತ್ತಾರೆ. ಅಲ್ಲಿ ನಿಂತು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಕಣ್ಣು ಹಾಯಿಸಿದಷ್ಟೂ ಗೋಧಿ ರಾಶಿ. ನಮ್ಮ ಕಣದಲ್ಲಿ ರಾಗಿ ರಾಶಿ ಹಾಕಿದರೆ ಒಂದು ಮನೆಯಷ್ಟು. ಇಲ್ಲಿ ಒಂದು ಊರಿನಷ್ಟು. ಟ್ರಾಲಿಗಳು ಬಂದು ಸುರಿಯುತ್ತಲೇ ಇದ್ದವು. ಹಮಾಲಿಗಳು ಗೋಧಿಯನ್ನು ಫ್ಯಾನಿನ ಮುಂದೆ ಹಾಕಿ ಹೊಟ್ಟು ಹಾರಿಸುತ್ತಿದ್ದರು. ಹೊಟ್ಟಿನ ಹೊಗೆಯಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಮೂಗು, ರೆಪ್ಪೆ, ಕಾಲರ್ ಒಳಗೆಲ್ಲ ಧೂಳು. ಒಬ್ಬ ಇನ್ಸ್‌ಪೆಕ್ಟರ್ ಚಿಕ್ಕ ಮೀಟರಿಗೆ ಒಂದು ಹಿಡಿ ಗೋಧಿ ಹಾಕಿ ತೇವ ನೋಡಿದ. ಶೇ. 12ರೊಳಗೆ ಇರಬೇಕು. ಇತ್ತು. ತೂಕ ಹಾಕಿದರು, ಐವತ್ತು ಕೆಜಿ ಗೋಣಿಚೀಲಕ್ಕೆ ತುಂಬಿದರು, ಹೊಲಿದರು. ಬಾಪೂಜಿ ಕೈಗೆ ಒಂದು ಚೀಟಿ ಬಂತು. ಜೆ ಫಾರಂ ಅಂತಾರೆ ಅದಕ್ಕೆ. ಯಾರ ಗೋಧಿ, ಎಷ್ಟು ಕ್ವಿಂಟಲ್, ಯಾವ ದರ, ಎಲ್ಲ ಅದರಲ್ಲಿ ಇರುತ್ತೆ. ಕೆಲವು ದಿನಕ್ಕೆ ದುಡ್ಡು ನೇರ ಅವರ ಖಾತೆಗೆ ಬಂತು. 2021ಕ್ಕೆ ಮುಂಚೆ ದಲ್ಲಾಳಿ ಕೈಯಿಂದ ಬರುತ್ತಿತ್ತು, ಈಗ ಸರ್ಕಾರವೇ ಹಾಕುತ್ತೆ.

ನಾನು ನೋಡುತ್ತಾ ನಿಂತಿದ್ದು ಆ ಚೀಟಿಯನ್ನು. ಬಾಪೂಜಿ ಮನೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ತುಂಬ ಹಳೆ ಜೆ ಫಾರಂಗಳಿವೆ. ಕೆಲವು ಹಳದಿಯಾಗಿ ಮಡಿಕೆಯಲ್ಲೇ ಹರಿದಿವೆ. ಮಗಳ ಮದುವೆ ವರ್ಷದ್ದು, ಮನೆ ಕಟ್ಟಿದ ವರ್ಷದ್ದು ಅಂತ ತೆಗೆದು ತೋರಿಸಿದರು. ನಮ್ಮಪ್ಪ ಐವತ್ತು ವರ್ಷ ಬೇಸಾಯ ಮಾಡಿದರು. ಅವರು ಬೆಳೆದದ್ದಕ್ಕೆ, ಮಾರಿದ್ದಕ್ಕೆ ನಮ್ಮ ಮನೆಯಲ್ಲಿ ಒಂದು ತುಂಡು ಕಾಗದ ಇಲ್ಲ. ಸಾಲದ ಕಾಗದಗಳು ಮಾತ್ರ ಇವೆ.

ಗೋಧಿ ಬಿತ್ತುವಾಗಲೇ ಇಲ್ಲಿನ ರೈತನಿಗೆ ಗೊತ್ತು, ಏಪ್ರಿಲ್‌ಗೆ ಯಾರು ಕೊಳ್ಳುತ್ತಾರೆ, ಎಷ್ಟಕ್ಕೆ ಕೊಳ್ಳುತ್ತಾರೆ ಅಂತ. ಪಂಜಾಬಿನಿಂದ ಸರ್ಕಾರ ಒಂದು ಹಂಗಾಮಿಗೆ ಸುಮಾರು 120 ಲಕ್ಷ ಟನ್ ಗೋಧಿ ಕೊಳ್ಳುತ್ತೆ. ದೇಶದ ನೆಲದಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಮಾತ್ರ ಇರುವ ರಾಜ್ಯ ಇದು. ನಮ್ಮ ಕರ್ನಾಟಕದ ಕಾಲು ಭಾಗದಷ್ಟು. ಹೀಗೆ ಕೊಳ್ಳುವವನು ಗಟ್ಟಿಯಾಗಿ ನಿಂತಿದ್ದಾನಲ್ಲ, ಅದಕ್ಕೇ ಇವರ ಎದೆ ಮುಂದಿರೋದು. ನನ್ನ ಪ್ರಕಾರ ಇಡೀ ವ್ಯತ್ಯಾಸ ಅಲ್ಲೇ ಇದೆ. ಬೇಸಾಯದ ದುಡ್ಡು ಸಂಬಳದ ಹಾಗೆ ದಿನ ಹೇಳಿ ಬಂದರೆ ಬೇಸಾಯ ಉದ್ಯೋಗ ಅನ್ನಿಸಿಕೊಳ್ಳುತ್ತೆ. ಬಂದರೂ ಬಂತು ಇಲ್ಲದಿದ್ದರೂ ಇಲ್ಲ ಅನ್ನೋ ಹಾಗಾದರೆ ಅದಕ್ಕೆ ‘ಏನಿಲ್ಲ’ ಅನ್ನೋ ಹೆಸರು ಬರುತ್ತೆ.

ತಮ್ಮನ ರಾಗಿ ಕಥೆ ಕೇಳಿ. ರಾಗಿಗೂ ಬೆಂಬಲ ಬೆಲೆ ಇದೆ. 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ. ಗೋಧಿಗಿಂತ ಎಷ್ಟೋ ಜಾಸ್ತಿ, ಗೋಧಿಗೆ 2,425 ಇತ್ತು. ಕಾಗದದ ಮೇಲೆ ನೋಡಿದರೆ ನನ್ನ ತಮ್ಮ ಬಾಪೂಜಿಗಿಂತ ಸುಖಿ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯೋದು ನಮ್ಮ ರಾಜ್ಯವೇ. ಆದರೆ ಮಾರೋಕೆ ಹೋದರೆ ಮೊದಲು ಫ್ರೂಟ್ಸ್ ಐಡಿ, ಅಂದರೆ ಸರ್ಕಾರ ರೈತನಿಗೆ ಕೊಡೋ ಗುರುತಿನ ನಂಬರ್, ಇರಬೇಕು. ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ದಾಖಲಾಗಿರಬೇಕು. ಎಕರೆಗೆ ಇಷ್ಟೇ ಕ್ವಿಂಟಲ್ ಅನ್ನೋ ಮಿತಿ ಬೇರೆ. ಮೂರು ವರ್ಷದ ಹಿಂದೆ ನೋಂದಣಿಗೆ ಅಂತ ರಾತ್ರಿಯೇ ಹೋಗಿ, ಚಪ್ಪಲಿ ಸಾಲಿಗಿಟ್ಟು, ಬೆಳಿಗ್ಗೆ ಹನ್ನೊಂದಕ್ಕೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನಿಸಿಕೊಂಡು ಬಂದ. ಮಾರನೇ ದಿನ ಹೋದರೆ ನೋಂದಣಿ ಮುಗಿದಿತ್ತು. ಒಕ್ಕಣೆ ಮಾಡಿದ ಆಳಿಗೆ ಕೂಲಿ ಕೊಡಬೇಕು, ಸೊಸೈಟಿ ಸಾಲ ಕಟ್ಟಬೇಕು. ಮನೆ ಬಾಗಿಲಿಗೆ ಲಾರಿ ತಂದ ವ್ಯಾಪಾರಿ ಹೇಳಿದ ರೇಟಿಗೆ ಕೊಟ್ಟ. ತೂಕ ಅವನದೇ, ಚೀಲಕ್ಕೆ ಅಂತ ಎರಡು ಕೆಜಿ ಕಳೆದದ್ದೂ ಅವನೇ. ಆವತ್ತು ಫೋನ್ ಮಾಡಿ ‘ಅಣ್ಣ, ಎರಡು ಕ್ವಿಂಟಲ್ ಮನೆಗೆ ಇಟ್ಕೊಂಡಿದ್ದೀನಿ, ಮಿಕ್ಕಿದ್ದು ಹೋಯ್ತು’ ಅಂದ. ಮಾರಿದೆ ಅನ್ನಲಿಲ್ಲ, ಹೋಯ್ತು ಅಂದ.

ಆ ಪದ ನನಗೆ ಇವತ್ತಿಗೂ ಮರೆತಿಲ್ಲ.

ಇನ್ನೊಂದು ನೋಡಿ. ಮಂಡಿಗೆ ಬೆಳೆ ಬಂದ ತಿಂಗಳು ಲೂಧಿಯಾನಾ ಪೇಟೆ ಹೇಗಿರುತ್ತೆ ಅಂತ ನಾನು ಹನ್ನೊಂದು ವರ್ಷದಿಂದ ಲೆಕ್ಕದ ಪುಸ್ತಕದಲ್ಲಿ ನೋಡುತ್ತಿದ್ದೇನೆ. ನಾವು ಮಾಡೋದು ಸ್ವೆಟರ್, ಟೋಪಿ, ಶಾಲು. ಹೊಲಕ್ಕೂ ನಮಗೂ ಏನು ಸಂಬಂಧ ಅನ್ನಿಸುತ್ತೆ. ಅಕ್ಟೋಬರ್‌ನಲ್ಲಿ ಭತ್ತ ಮಂಡಿಗೆ ಬಂದು, ನವೆಂಬರ್‌ನಲ್ಲಿ ದುಡ್ಡು ಹಳ್ಳಿಗೆ ಹೋದ ಮೇಲೆಯೇ ಸುತ್ತಮುತ್ತಲ ಊರಿನ ಅಂಗಡಿಯವರು ನಮ್ಮ ಹಳೆ ಬಾಕಿ ತೀರಿಸೋದು. ಭತ್ತ ತಡವಾದ ವರ್ಷ ನಮಗೂ ಬಾಕಿ ತಡ, ನಮ್ಮ ನೂಲಿನವನಿಗೂ ತಡ, ಹೊಲಿಯುವ ಹುಡುಗರ ಓವರ್‌ಟೈಮ್ ದುಡ್ಡೂ ತಡ. ಬಟ್ಟೆ ಅಂಗಡಿ, ಒಡವೆ ಅಂಗಡಿ, ಬೈಕ್ ಶೋರೂಂ, ಮದುವೆ ಹಾಲ್, ಬ್ಯಾಂಡ್ ಸೆಟ್ಟು, ಮಿಠಾಯಿಯವನು, ಎಲ್ಲರೂ ಮಂಡಿ ಕಡೆಯೇ ಮುಖ ಮಾಡಿ ಕೂತಿರುತ್ತಾರೆ. ದೇಶದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 45 ಜನ ಕೃಷಿಯಲ್ಲೇ ಇದ್ದಾರೆ ಅನ್ನೋದನ್ನು ಪತ್ರಿಕೆಯಲ್ಲಿ ಓದಿದಾಗ ಅದೊಂದು ಅಂಕಿ. ನಮ್ಮ ಬಾಕಿ ಪುಸ್ತಕದಲ್ಲಿ ನೋಡಿದಾಗ ಗೊತ್ತಾಗುತ್ತೆ, ಆ 45 ಜನರ ಜೇಬಿಗೆ ದುಡ್ಡು ಬಂದರೆ ಮಾತ್ರ ಮಿಕ್ಕ 55 ಜನರ ಅಂಗಡಿ ನಡೆಯೋದು.

ನಮ್ಮಲ್ಲೂ ಹಾಗೇ ಅಲ್ವಾ? ನಾಗಮಂಗಲದ ಸಂತೆಗೆ ಹೋಗಿ ನೋಡಿ. ಕೊಬ್ಬರಿ ರೇಟ್ ಬಿದ್ದ ವಾರ ಬಳೆಯವಳ ಹತ್ತಿರ ಜನ ಇರಲ್ಲ. ಆದರೆ ಇಲ್ಲಿ ಅಂಗಡಿಯವನು ರೈತನನ್ನು ಕಂಡರೆ ‘ಆವೋ ಜೀ’ ಅಂತ ಎದ್ದು ನಿಲ್ಲುತ್ತಾನೆ. ನಮ್ಮಲ್ಲಿ ಪಂಚೆ ಮೇಲೆತ್ತಿ ಕಟ್ಟಿದವನು ಶೋರೂಂ ಒಳಗೆ ಕಾಲಿಟ್ಟರೆ ಸೆಕ್ಯುರಿಟಿ ಹುಡುಗ ಏನು ಬೇಕು ಅಂತ ತಡೆದು ಕೇಳುತ್ತಾನೆ. ನನ್ನ ಅಪ್ಪನಿಗೆ ಹಾಗಾಗಿದೆ. ಜೇಬಲ್ಲಿ ಟಿವಿ ಕೊಳ್ಳುವ ಅಷ್ಟೂ ದುಡ್ಡು ಇಟ್ಟುಕೊಂಡು ಅಪ್ಪ ವಾಪಸ್ ಬಂದರು. ಎಷ್ಟು ಕೇಳಿದರೂ ಯಾವ ಅಂಗಡಿ ಅಂತ ಹೇಳಲೇ ಇಲ್ಲ. ಆ ಟಿವಿ ಆಮೇಲೆ ನಮ್ಮ ಮನೆಗೆ ಬರಲೂ ಇಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. 2023ರಲ್ಲಿ ನಮ್ಮ ಸರ್ಕಾರ ಅನ್ನಭಾಗ್ಯದಲ್ಲಿ ಇನ್ನೂ ಐದು ಕೆಜಿ ಕೊಡುತ್ತೇವೆ ಅಂದಾಗ ಏನಾಯಿತು ನೆನಪಿದೆಯಾ? ದುಡ್ಡಿತ್ತು, ಅಕ್ಕಿ ಸಿಗಲಿಲ್ಲ. ಕೇಂದ್ರ ಕೊಡಲ್ಲ ಅಂತು. ಕೊನೆಗೆ ಅಕ್ಕಿ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ರಾಜಕೀಯ ಯಾರದೋ ಇರಲಿ, ನನಗೆ ಅದರಲ್ಲಿ ಕಂಡಿದ್ದು ಬೇರೆ. ಅಷ್ಟು ದೊಡ್ಡ ಖಜಾನೆ, ಐಟಿಯ ರಾಜಧಾನಿ ಬೆಂಗಳೂರು ಇರುವ ರಾಜ್ಯ, ಅಕ್ಕಿಗೆ ಅಂತ ಊರೂರು ಕೇಳುತ್ತಾ ನಿಲ್ಲಬೇಕಾಯಿತು. ದುಡ್ಡನ್ನು ಬೇಯಿಸಿ ತಿನ್ನೋಕಾಗಲ್ಲ.

ಬಾಪೂಜಿಗೆ ಇದನ್ನು ಹೇಳಿದಾಗ ಅವರು 1968ರ ಕಥೆ ಹೇಳಿದರು. ಆಗ ಅವರು ಹೈಸ್ಕೂಲು ಹುಡುಗ. ಅದಕ್ಕೆ ಎರಡು ವರ್ಷ ಮುಂಚೆ ದೇಶಕ್ಕೆ ಅಮೆರಿಕದ ಹಡಗಿನಲ್ಲಿ ಗೋಧಿ ಬರುತ್ತಿತ್ತು. ನಮ್ಮ ಕಡೆ ಹಳಬರಿಗೂ ಗೊತ್ತು, ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಗೋಧಿ ಉಪ್ಪಿಟ್ಟು. ಆಮೇಲೆ ಗಿಡ್ಡ ತಳಿಯ ಗೋಧಿ ಬಂತು. ಲೂಧಿಯಾನಾದಲ್ಲಿ 1962ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯ ಅದನ್ನು ಹೊಲಹೊಲಕ್ಕೂ ಮುಟ್ಟಿಸಿತು. 1968ರಲ್ಲಿ ಎಷ್ಟು ಬೆಳೆಯಿತು ಅಂದರೆ ಇಡೋಕೆ ಜಾಗ ಸಾಲದೆ ಶಾಲೆಗಳನ್ನು ಮುಚ್ಚಿ ಒಳಗೆ ಗೋಧಿ ತುಂಬಿದರು. ಕೊಠಡಿ ತುಂಬ ಕಿಟಕಿಯವರೆಗೂ ಗೋಧಿ ಇದ್ದದ್ದನ್ನು ಬಾಪೂಜಿ ಕೈಯಲ್ಲಿ ಅಳತೆ ಮಾಡಿ ತೋರಿಸುತ್ತಾರೆ. ಆ ಹುಡುಗನಿಗೆ ಹೊಲ ಅಂದರೆ ‘ಏನಿಲ್ಲ’ ಅಂತ ಯಾರು ತಾನೇ ಹೇಳೋಕಾಗುತ್ತೆ? ದೇಶದ ಹಸಿವಿಗೆ ತಮ್ಮ ಹೊಲದಿಂದ ಉತ್ತರ ಹೋಗಿದ್ದನ್ನು ಅವನು ಕಣ್ಣಾರೆ ಕಂಡವನು.

ಆ ವಿಶ್ವವಿದ್ಯಾಲಯದಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಕಿಸಾನ್ ಮೇಳ ನಡೆಯುತ್ತೆ. ಜನ ಟ್ರಾಲಿ ಮಾಡಿಕೊಂಡು, ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾರೆ. ಬೀಜಕ್ಕೆ ಸಾಲು ನಿಲ್ಲುತ್ತಾರೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲೂ ಕೃಷಿ ಮೇಳ ಆಗುತ್ತೆ, ಜನ ಸಮುದ್ರವೇ ಬರುತ್ತೆ, ಅದನ್ನು ಅಲ್ಲಗಳೆಯಲ್ಲ.

ಕೇಂದ್ರದ ಹೊಸ ಕೃಷಿ ಕಾನೂನು ಬೇಡ ಅಂತ ದೆಹಲಿ ಗಡಿಯಲ್ಲಿ 2020ರ ನವೆಂಬರ್‌ನಿಂದ ಒಂದು ವರ್ಷ ಕೂತಿದ್ದರಲ್ಲ ರೈತರು, ಆಗ ನಾನು ಇಲ್ಲೇ ಇದ್ದೆ. ನಮ್ಮ ಬೀದಿಯಿಂದ ವಾರಕ್ಕೊಂದು ಟ್ರಾಲಿ ಸಿಂಘು ಗಡಿಗೆ ಹೋಗುತ್ತಿತ್ತು. ಹೋದವರು ಬರೀ ರೈತರಲ್ಲ. ನಮ್ಮ ಕಾರ್ಖಾನೆ ಹುಡುಗರು, ಒಬ್ಬ ವಕೀಲರು, ಮನೆ ಎದುರಿನ ಟೀಚರಮ್ಮ. ಹಿಟ್ಟು, ಬೇಳೆ, ಕಂಬಳಿ ಎಲ್ಲ ತುಂಬಿ ಕಳಿಸಿದರು. ನಾನೂ ಎರಡು ಡಜನ್ ಸ್ವೆಟರ್ ಕೊಟ್ಟೆ. ಕಾನೂನು ಸರಿಯೋ ತಪ್ಪೋ ಅನ್ನೋ ವಾದ ಆಮೇಲಿನದು. ಪೇಟೆಯವನಿಗೆ ರೈತನ ಜಗಳ ತನ್ನ ಜಗಳ ಅನ್ನಿಸಿದ್ದು ನನಗೆ ದೊಡ್ಡದಾಗಿ ಕಂಡಿತು. ನಮ್ಮಲ್ಲಿ ಏನು ಕಡಿಮೆ? 1980ರಲ್ಲಿ ನರಗುಂದ, ನವಲಗುಂದದಲ್ಲಿ ಎದ್ದ ರೈತರ ಕೂಗು ಇಡೀ ರಾಜ್ಯ ಅಲ್ಲಾಡಿಸಿತ್ತು. ಹೆಗಲ ಮೇಲಿನ ಹಸಿರು ಶಾಲು ನೋಡಿದರೆ ತಾಲ್ಲೂಕು ಕಚೇರಿಯ ಗುಮಾಸ್ತ ಕುರ್ಚಿ ಬಿಟ್ಟು ಏಳುತ್ತಿದ್ದ ಕಾಲವನ್ನು ನಮ್ಮಪ್ಪ ಹೇಳುತ್ತಿದ್ದರು. ರೈತ ಸಂಘದ ನಂಜುಂಡಸ್ವಾಮಿಯವರ ಭಾಷಣ ಕೇಳೋಕೆ ಮೈಲಿಗಟ್ಟಲೆ ನಡೆದು ಹೋಗಿದ್ದರಂತೆ. ಅಪ್ಪನ ಹಸಿರು ಶಾಲು ಈಗಲೂ ಅಟ್ಟದ ಮೇಲೆ ಇದೆ. ಇವತ್ತು ಬೆಂಗಳೂರಿನಲ್ಲಿ ರೈತರ ಮೆರವಣಿಗೆ ಬಂದರೆ ನಮ್ಮದೇ ಹಳ್ಳಿಯಿಂದ ಹೋದ ಹುಡುಗರು ಟ್ರಾಫಿಕ್ ಜಾಮ್ ಅಂತ ಬೈಯುತ್ತಾರೆ.

ಮದುವೆ ವಿಷಯ ಹೇಳದೆ ಇದನ್ನು ಮುಗಿಸೋಕಾಗಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಬೇಡಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಟಿವಿಯಲ್ಲೆಲ್ಲ ಬಂತು. ಜನ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತಮ್ಮನಿಗೆ ಮೂವತ್ತನಾಲ್ಕು. ಇದುವರೆಗೆ ಒಂಬತ್ತು ಕಡೆ ನೋಡಿದ್ದೇವೆ. ಮನೆ ಚೆನ್ನಾಗಿದೆ, ಹುಡುಗ ಒಳ್ಳೆಯವನು, ಕುಡಿಯಲ್ಲ, ಜಾತಕ ಕೂಡಿದೆ, ಎಲ್ಲ ಆದ ಮೇಲೆ ಕೊನೆಗೆ ‘ಹುಡುಗ ಏನು ಕೆಲಸದಲ್ಲಿದ್ದಾನೆ?’ ಅಂತ ಕೇಳುತ್ತಾರೆ. ಒಂದು ಕಡೆಯಂತೂ ಹುಡುಗಿಯ ಅಪ್ಪನೂ ರೈತರೇ. ತೋಟದಲ್ಲಿ ಕೂರಿಸಿ ಎಳನೀರು ಕೊಟ್ಟು, ‘ನಾನು ಪಟ್ಟ ಪಾಡು ಮಗಳಿಗೆ ಬೇಡ ಸ್ವಾಮಿ, ತಪ್ಪು ತಿಳ್ಕೋಬೇಡಿ’ ಅಂದರು. ತಪ್ಪು ಹೇಗೆ ತಿಳ್ಕೊಳ್ಳಲಿ? ಅವರ ಕೈ ನೋಡಿದೆ. ನಮ್ಮಪ್ಪನ ಕೈ ಹಾಗೇ ಇತ್ತು.

ಇಲ್ಲಿಯವರೆಗೆ ಓದಿದವರು, ಹಾಗಾದರೆ ಪಂಜಾಬ್ ಸ್ವರ್ಗವಾ ಅಂತ ಕೇಳಬಹುದು. ಕೇಳಲಿ. ನನಗೂ ಇದನ್ನು ಹೇಳೋಕೆ ಮನಸ್ಸಿಲ್ಲ, ಆದರೂ ಹೇಳಬೇಕು. ಬಾಪೂಜಿಯ ಇಬ್ಬರು ಗಂಡುಮಕ್ಕಳೂ ಕೆನಡಾದಲ್ಲಿದ್ದಾರೆ. ಒಬ್ಬ ಟ್ರಕ್ ಓಡಿಸುತ್ತಾನೆ. ಎಂಟು ಕಿಲ್ಲೆ ಹೊಲವನ್ನು ಈಗ ಗುತ್ತಿಗೆಗೆ ಕೊಟ್ಟಿದ್ದಾರೆ, ನಾಟಿ ಮಾಡೋಕೆ ಬಿಹಾರದಿಂದ ಆಳುಗಳು ಬರಬೇಕು. ಚಾಕರಿ ಕೀಳು ಅಂತ ಗಾದೆ ಹೇಳುವ ಮನೆಯಿಂದಲೇ ಮಕ್ಕಳು ಏಳು ಸಮುದ್ರ ದಾಟಿ ಚಾಕರಿಗೆ ಹೋಗಿದ್ದಾರೆ. ನಾನು ಅದನ್ನು ಬಾಪೂಜಿಗೆ ಯಾವತ್ತೂ ಕೇಳಿಲ್ಲ, ಕೇಳಲ್ಲ.

ನೀರಿನದು ಇನ್ನೂ ಕಷ್ಟ. ಸರ್ಕಾರ ಕೊಳ್ಳುವ ಗ್ಯಾರಂಟಿ ಇರೋದು ಗೋಧಿಗೆ ಮತ್ತು ಭತ್ತಕ್ಕೆ. ಹಾಗಾಗಿ ಭತ್ತ ಊಟ ಮಾಡದ ಜನ ಭತ್ತ ಬೆಳೆಯುತ್ತಾರೆ. ಕರೆಂಟ್ ಪುಕ್ಕಟೆ, ಮೋಟಾರ್ ಓಡುತ್ತಲೇ ಇರುತ್ತೆ. ಪ್ರತಿ ವರ್ಷ ನೆಲಕ್ಕೆ ಇಳಿಯುವ ನೀರಿನ ಸುಮಾರು ಒಂದೂವರೆ ಪಟ್ಟು ಮೇಲೆತ್ತುತ್ತಾರೆ. ಜೂನ್‌ಗೆ ಮುಂಚೆ ನಾಟಿ ಮಾಡಬಾರದು ಅಂತ 2009ರಲ್ಲಿ ಕಾನೂನೇ ಮಾಡಬೇಕಾಯಿತು. ಬಾಪೂಜಿ ಚಿಕ್ಕವರಿದ್ದಾಗ ಎತ್ತು ಕಟ್ಟಿ ನೀರೆತ್ತುತ್ತಿದ್ದ ಬಾವಿ ಇದೆ ಅವರ ಹೊಲದಲ್ಲಿ, ಈಗ ಅದರಲ್ಲಿ ಪಾರಿವಾಳಗಳಿವೆ. ಅಕ್ಟೋಬರ್ ಕೊನೆಗೆ ಭತ್ತದ ಕೂಳೆಗೆ ಬೆಂಕಿ ಇಡುತ್ತಾರೆ, ಹದಿನೈದು ದಿನ ನಮ್ಮ ಮಗಳು ಕೆಮ್ಮುತ್ತಾಳೆ. ಮತ್ತೆ, ಹನ್ನೆರಡು ಕಿಲ್ಲೆ ಅಂತ ಎದೆ ತಟ್ಟುವವರು ಒಂದು ಜಾತಿಯವರು. ರಾಜ್ಯದಲ್ಲಿ ಮೂರನೇ ಒಂದು ಪಾಲು ದಲಿತರು, ಅವರಲ್ಲಿ ಹೊಲ ಇರುವವರು ಬಹಳ ಕಡಿಮೆ. ಖನ್ನಾ ಮಂಡಿಯಲ್ಲಿ ಲಾರಿ ಹೋದ ಮೇಲೆ ಚೆಲ್ಲಿದ ಗೋಧಿಯನ್ನು ಪೊರಕೆಯಲ್ಲಿ ಗುಡಿಸಿ, ಮೊರದಲ್ಲಿ ಕೇರಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ಹೆಂಗಸರನ್ನು ನಾನು ಆವತ್ತೇ ನೋಡಿದ್ದೆ. ಅವರ ಕೈಗೆ ಜೆ ಫಾರಂ ಯಾರೂ ಕೊಡಲ್ಲ.

ಹೋಲಿಕೆಯೂ ಪೂರ್ತಿ ನ್ಯಾಯದ್ದಲ್ಲ. ಪಂಜಾಬಿನಲ್ಲಿ ಒಬ್ಬ ರೈತನಿಗೆ ಸರಾಸರಿ ಒಂಬತ್ತು ಎಕರೆ, ನಮ್ಮಲ್ಲಿ ಮೂರು ಚಿಲ್ಲರೆ. ಇಲ್ಲಿ ಹೆಚ್ಚೂಕಮ್ಮಿ ಪೂರ್ತಿ ನೆಲಕ್ಕೆ ನೀರಿದೆ. ನಾವು ಮೋಡ ನೋಡಿ ಬಿತ್ತುವವರು. ಹಾಗಿದ್ದೂ ನನ್ನ ತಮ್ಮನ ಹೊಲದಲ್ಲಿ ಬರೀ ರಾಗಿ ಇಲ್ಲ. ರಾಗಿ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇದೆ. ಬದುವಿನಲ್ಲಿ ಹುರುಳಿ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಸೊಗಡು ಅವರೆಕಾಯಿ ಬಿಡಿಸುತ್ತಾ ಜಗಲಿ ಮೇಲೆ ಕೂತರೆ ಆ ವಾಸನೆಗೆ ಇಲ್ಲಿನ ಇಡೀ ಗೋಧಿ ರಾಶಿ ಕೊಟ್ಟರೂ ಸಮ ಬರಲ್ಲ. ಇಲ್ಲಿ ಮೈಲುಗಟ್ಟಲೆ ಒಂದೇ ಹಸಿರು, ಒಂದೇ ಎತ್ತರ. ಹಿತ್ತಲಲ್ಲಿ ಒಂದು ಸೊಪ್ಪು ಕಿತ್ತುಕೊಂಡು ಬರೋಣ ಅಂದರೆ ಆಗಲ್ಲ.

ಡೇರಿಯ ವಿಷಯದಲ್ಲಂತೂ ನಾವೇ ಮುಂದೆ ಅಂತ ಒಪ್ಪಿಕೊಳ್ಳಲೇಬೇಕು. ಬೆಳಿಗ್ಗೆ ಆರಕ್ಕೆ ನಮ್ಮವ್ವ ಕ್ಯಾನ್ ಹಿಡಿದು ಹೋಗುತ್ತಾರೆ, ಫ್ಯಾಟ್ ನೋಡುತ್ತಾರೆ, ಪುಸ್ತಕದಲ್ಲಿ ಬರೆಯುತ್ತಾರೆ, ದುಡ್ಡು ಅವ್ವನ ಖಾತೆಗೆ ಬರುತ್ತೆ. ಸರ್ಕಾರದ ಐದು ರೂಪಾಯಿ ಪ್ರೋತ್ಸಾಹಧನ ಬೇರೆ. ಮಗನ ಬೇಸಾಯಕ್ಕೆ ‘ಏನಿಲ್ಲ’ ಅನ್ನುವ ಅದೇ ಅವ್ವ ‘ನಾನು ಡೇರಿಗೆ ದಿನಾ ಹದಿನಾಲ್ಕು ಲೀಟರ್ ಹಾಕ್ತೀನಿ’ ಅಂತ ಎಲ್ಲರ ಮುಂದೆ ಹೇಳಿಕೊಳ್ಳುತ್ತಾರೆ. ಬಾಪೂಜಿಯ ಜೆ ಫಾರಂ ಹೇಗೋ ಅವ್ವನ ಡೇರಿ ಪುಸ್ತಕ ಹಾಗೆ. ಅದನ್ನು ದೇವರ ಗೂಡಿನಲ್ಲಿ ಇಡುತ್ತಾರೆ. ಹಾಲಿಗೆ ಆದದ್ದು ರಾಗಿಗೆ ಯಾಕೆ ಆಗಲ್ಲ? ಅವರೆಗೆ, ತೊಗರಿಗೆ ಯಾಕೆ ಆಗಲ್ಲ? ನೀರು ಕುಡಿಯದ ಬೆಳೆಗಳು ಅವು, ಪಂಜಾಬಿನ ತಪ್ಪು ಮಾಡದೆ ಪಂಜಾಬಿನ ಒಳ್ಳೆಯದನ್ನು ನಾವು ತಗೋಬಹುದಿತ್ತು. ನಾನು ಕೇಳುತ್ತಿರೋದು ಇಷ್ಟೇ.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಮನೆಯಲ್ಲಿ ಹದಿನೇಳು ಜನ ಇದ್ದರು. ಬೆಂಗಳೂರಿನಿಂದ ಚಿಕ್ಕಪ್ಪನ ಮಕ್ಕಳು, ಅವರ ಹೆಂಡತಿ ಮಕ್ಕಳು, ಅತ್ತೆ ಮನೆಯವರು, ಸಾಫ್ಟ್‌ವೇರ್‌ನವರು, ಓಲಾ ಓಡಿಸುವವನು, ಎಲ್ಲರೂ ಬಂದರು. ಎರಡೂವರೆ ತಿಂಗಳು. ವಾಡೆಯಲ್ಲಿ ಇಟ್ಟಿದ್ದ ರಾಗಿ, ಹಟ್ಟಿಯಲ್ಲಿದ್ದ ಹಸು, ಹಿತ್ತಲ ಸೊಪ್ಪು, ಇಷ್ಟರಲ್ಲೇ ಅಷ್ಟೂ ಜನ ಉಂಡರು. ದೇಶದ ಮಿಕ್ಕೆಲ್ಲ ವಹಿವಾಟು ಬಿದ್ದ ಆ ತಿಂಗಳುಗಳಲ್ಲಿ ಕೃಷಿ ಒಂದೇ ಮೇಲೆದ್ದು ನಿಂತಿತ್ತು ಅಂತ ಆಮೇಲೆ ಓದಿದೆ. ನಮ್ಮ ಮನೆಯಲ್ಲಿ ಅದು ತಮ್ಮನ ರೂಪದಲ್ಲಿ ನಿಂತಿತ್ತು. ಬಸ್ಸು ಶುರುವಾದ ಮೇಲೆ ಎಲ್ಲರೂ ಒಂದೊಂದು ಚೀಲ ರಾಗಿ ಹಿಟ್ಟು ಕಟ್ಟಿಸಿಕೊಂಡು ಹೋದರು. ಹೋಗುವಾಗ ಒಬ್ಬರು ಅವನಿಗೆ ಬುದ್ಧಿ ಹೇಳಿದರಂತೆ, ‘ಹೀಗೇ ಖಾಲಿ ಇದ್ರೆ ಹೆಂಗೆ, ಬೆಂಗಳೂರಿಗೆ ಬಾ, ಏನಾದ್ರೂ ನೋಡೋಣ’ ಅಂತ.

ಮೊನ್ನೆ ಅವ್ವ ಫೋನ್ ಮಾಡಿ ತಮ್ಮನ ಬಯೋಡೇಟಾ ಟೈಪ್ ಮಾಡಿ ಕಳಿಸು ಅಂದರು. ಹತ್ತನೇ ಕಡೆಯವರು ಕೇಳಿದ್ದಾರಂತೆ. ಹಳೆಯದರಲ್ಲಿ ಉದ್ಯೋಗ ಅನ್ನೋ ಜಾಗದಲ್ಲಿ ‘ಸ್ವಂತ ಬಿಸಿನೆಸ್, ಬೆಂಗಳೂರಲ್ಲಿ ಸೈಟ್ ಇದೆ’ ಅಂತ ಇತ್ತು. ಸೈಟ್ ನಂದು. ಅದನ್ನು ಅಳಿಸಿ ‘ರೈತ’ ಅಂತ ಬರೆದೆ. ಮೂರೂವರೆ ಎಕರೆ, ರಾಗಿ, ತೆಂಗು, ಎರಡು ಹಸು, ಎಲ್ಲ ಬರೆದೆ. ಮೊದಲು ಅವನಿಗೇ ಕಳಿಸಿದೆ.

ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದ. ಹಿಂದೆ ಮೋಟಾರ್ ಸದ್ದು ಕೇಳುತ್ತಿತ್ತು. ‘ಅಣ್ಣ, ಮೊದಲಿದ್ದ ಹಾಗೇ ಇರ್ಲಿ ಬಿಡು’ ಅಂದ. ‘ಯಾಕೋ?’ ಅಂದೆ. ‘ನೀನು ಅಲ್ಲಿ ಕೂತು ಹೇಳ್ತೀಯ. ಇಲ್ಲಿ ಕೂತು ಅವರ ಮುಖ ನೋಡೋನು ನಾನು’ ಅಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಇದ್ವಿ. ಆಮೇಲೆ ಅವನೇ, ಈ ಸಲ ಅವರೆ ಚೆನ್ನಾಗಿ ಬಂದಿದೆ, ಆ ಕಡೆ ಬರೋರು ಯಾರಾದ್ರೂ ಇದ್ರೆ ಕಳಿಸ್ತೀನಿ ಅಂದ.

ಎರಡು ಬಯೋಡೇಟಾನೂ ನನ್ನ ಫೋನಿನಲ್ಲೇ ಇವೆ. ಸಂಕ್ರಾಂತಿ ಒಳಗೆ ಒಂದನ್ನು ಕಳಿಸಬೇಕು.